ಅತ್ತೆ ಆರಿಸಿದ ರಿವಾಲ್ವರ್

ಅದಿರಿನ ಲಾರಿಗಳು ಹೊಸಪೇಟೆಯ ರಸ್ತೆಗಳನ್ನೆಲ್ಲ ಕೆಂಪು ಮಾಡಿದ್ದ ವರ್ಷಗಳಲ್ಲಿ ನಾನು ಸೋದರಮಾವನ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಮುಗಿಸಿದೆ. ಆ ಮನೆಯ ನೆನಪು ಬಹುಮಟ್ಟಿಗೆ ಸುಖದ್ದೇ. ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಸಂಜೆ ಅಂಗಳಕ್ಕೆ ನೀರು ಹೊಡೆದಾಗ ಏಳುವ ಮಣ್ಣಿನ ವಾಸನೆ, ಮಾಮ ಅತ್ತೆಯರ ಮುಗಿಯದ ಜಗಳ. ಆದರೂ ಇವತ್ತಿಗೂ ಯಾರದಾದರೂ ಕೈಜಾರಿ ಪಾತ್ರೆ ನೆಲಕ್ಕೆ ಬಿದ್ದರೆ ನಾನು ಪಾತ್ರೆಯನ್ನು ನೋಡುವುದಿಲ್ಲ, ಸುತ್ತಲಿದ್ದವರ ಮುಖ ನೋಡುತ್ತೇನೆ.

ಯಶವಂತನಗರದ ಹತ್ತಿರ ಮಾಮನಿಗೆ ಒಂದಿಷ್ಟು ಜಮೀನಿತ್ತು. ಅದರ ಮೇಲೆ ಲಾರಿಗಳು ಹಾದುಹೋಗಲು ಬಿಡಲಿಲ್ಲವೆಂದು ನಾಲ್ಕಾರು ಜನ ಅವನ ಜೀಪು ಅಡ್ಡಗಟ್ಟಿದರು. "ಇನ್ನೊಮ್ಮೆ ಈ ಕಡೆ ಬಂದ್ರ ಬರೇ ಜೀಪು ವಾಪಸ್ ಹೋಗ್ತೈತಿ" ಅಂದರಂತೆ. ಮಾಮ ಮನೆಗೆ ಬಂದು ನೀರು ಕುಡಿದು, ರಿವಾಲ್ವರಿಗೆ ಪರವಾನಗಿ ಕೇಳಿ ಅರ್ಜಿ ಹಾಕಿದ. ಪರವಾನಗಿ ಸಿಕ್ಕ ದಿನ ಅತ್ತೆ ತನ್ನ ಮಾತನ್ನೂ ಹೇಳಿಬಿಟ್ಟಳು.

"ತರ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅದು ಈ ಮನ್ಯಾಗ ಒಮ್ಮೆ ಢಂ ಅಂದ್ರ ನಾ ಕಂಪ್ಲಿಗೆ ಹೋಗಿ ನಮ್ಮಣ್ಣನ ಮನ್ಯಾಗ ಕುಂದರಾಕಿ. ಕರಿಯಾಕ ಬರಬ್ಯಾಡ್ರಿ."

ಅವಳು ಬರೀ ಬಾಯಿಮಾತಿಗೆ ಹೇಳುವವಳಲ್ಲ. ಅದು ಮಾಮನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಮಾಮ ನನ್ನನ್ನು ಕರೆದುಕೊಂಡು ಬಂದೂಕಿನ ಅಂಗಡಿಗೆ ಹೋದ. "ನೀ ಸೈನ್ಸ್ ಓದಾಕಿ, ನಿನಗ ಯಂತ್ರ ತಿಳಿತೈತಿ" ಅಂತ. ನನಗೇನೂ ತಿಳಿಯುತ್ತಿರಲಿಲ್ಲ. ಅಂಗಡಿಯ ಸಾಹೇಬರು ಎರಡು ರಿವಾಲ್ವರುಗಳನ್ನು ಹಸಿರು ಬಟ್ಟೆಯ ಮೇಲೆ ಇಟ್ಟರು. ಎರಡೂ ಒಂದೇ ನಮೂನೆಯವು: ಪ್ರತಿ ಸಲವೂ ಹಿಂದಿನ ಹ್ಯಾಮರನ್ನು ಹೆಬ್ಬೆರಳಿನಿಂದ ಎಳೆದು ನಿಲ್ಲಿಸಿದ ಮೇಲೇ ಟ್ರಿಗರ್ ಒತ್ತಬೇಕು. ಮಾಮನಿಗೆ ಬೇಕಾಗಿದ್ದದ್ದೂ ಅದೇ. ಎರಡು ಸಲ ಯೋಚಿಸದೆ ಗುಂಡು ಹಾರಬಾರದು ಎನ್ನುವುದು ಅವನ ವಾದ.

ಒಂದು ಹಳೆಯ ಅಮೆರಿಕನ್ ಕಂಪನಿಯದು. ಸಾಗವಾನಿ ಬಣ್ಣದ ಹಿಡಿಕೆ, ನೀಲಿ ಹೊಳಪು, ಎಳೆದಾಗ ಕೀಲಿ ತೆರೆದಂತೆ ಟಿಕ್ ಟಿಕ್ ಸದ್ದು. ಇನ್ನೊಂದು ಅದೇ ದೇಶದ ಬೇರೆ ಕಂಪನಿಯದು, ಎಷ್ಟೋ ವರ್ಷಗಳ ನಂತರ ಬಂದ ಹೊಸದು. ತೂಕ ಜಾಸ್ತಿ, ನೋಡಲು ಒರಟು.

"ಹಳೇದ್ರಾಗ ಆರು ಖಾನೆ ಅದಾವ, ಐದ ತುಂಬ್ರಿ ಸಾವ್ಕಾರ್ರೆ" ಅಂದರು ಸಾಹೇಬರು. "ಹ್ಯಾಮರ್ ಕೆಳಗಿಂದು ಯಾವಾಗ್ಲೂ ಖಾಲಿ ಇರ್ಲಿ. ತುಂಬಿದ್ರ ಹ್ಯಾಮರ್ ತೋಟಾದ ಬೆನ್ನ ಮ್ಯಾಲೇ ಕುಂತಿರ್ತೈತಿ. ಕೈಜಾರಿ ಬಿದ್ರ ಖೇಲ್ ಖತಂ. ಹೊಸಾದ್ರಾಗ ನಡುವ ಒಂದು ಪಟ್ಟಿ ಐತಿ. ಟ್ರಿಗರ್ ಒತ್ತೂ ತನಕ ಹ್ಯಾಮರಿನ ಪೆಟ್ಟು ತೋಟಾಕ್ಕ ಮುಟ್ಟೂದೇ ಇಲ್ಲ."

ಮಾಮ ಹಳೆಯದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಐದು ಸಾಕಲ್ಲ? ನಾನೇನು ಯುದ್ಧಕ್ಕ ಹೊಂಟೀನೇನು?" ಅಂದ. ಅದನ್ನೇ ಕೊಂಡ. ತಿಂಗಳುಗಟ್ಟಲೆ ಐದೇ ತುಂಬಿದ, ಒಂದು ಖಾನೆ ಖಾಲಿ ಬಿಟ್ಟ. ಅತ್ತೆ ಅದರತ್ತ ನೋಡಲೂ ಇಲ್ಲ.

ಆಮೇಲೆ ಆಯುಧಪೂಜೆ ಬಂತು.

ಅವರ ಮನೆಯಲ್ಲಿ ಅವತ್ತು ಪೂಜೆಗೆ ಯಾವುದನ್ನೂ ಖಾಲಿ ಇಡುವುದಿಲ್ಲ. ಸೇರಿನ ತುಂಬ ಅಕ್ಕಿ ಇರಬೇಕು, ಜೀಪಿನ ಟ್ಯಾಂಕು ಡೀಸೆಲ್ಲಿನಿಂದ ತುಂಬಿರಬೇಕು, ಎಣ್ಣೆಯ ಡಬ್ಬಿಯೂ ಬಾಯಿಮಟ ಇರಬೇಕು. ಅತ್ತೆ ಒಂದೊಂದನ್ನೂ ಮುಟ್ಟಿ ನೋಡುತ್ತ ಬಂದಳು. ಜೀಪಿನ ಬಾನೆಟ್ಟಿನ ಮೇಲೆ ಹಾಸಿದ ಬಟ್ಟೆಯಲ್ಲಿ ಜಾಕು, ನಟ್ಟು ಬಿಚ್ಚುವ ಪಾನಾಗಳು, ಕುಡುಗೋಲು, ಅವುಗಳ ಪಕ್ಕ ವಿಭೂತಿ ಹಚ್ಚಿಸಿಕೊಂಡ ರಿವಾಲ್ವರ್.

"ಇದರಾಗ ತುಂಬೀರೇನು?"

"ಐದು ತುಂಬೀನಿ. ಒಂದು ಖಾಲಿ."

"ಪೂಜಿಗೆ ಖಾಲಿ ಇಡ್ತಾರೇನ್ರಿ? ಹಬ್ಬದ ದಿನ ಅಪಶಕುನ. ತುಂಬ್ರಿ."

ಮಾಮ ನನ್ನ ಕಡೆ ನೋಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ನಕ್ಕು, "ಪೂಜಿ ಮುಗಿದ ಮ್ಯಾಲೆ ತೆಗದ್ರಾತು" ಎಂದು ಆರನೆಯದನ್ನೂ ತುಂಬಿದ. ಹೆಂಡತಿ ಮೊದಲ ಸಲ ಆ ವಸ್ತುವಿನ ಬಗ್ಗೆ ಕಾಳಜಿ ತೋರಿಸಿದ್ದಳಲ್ಲ, ಅವನಿಗೆ ಅದೇ ಖುಷಿ.

ಮಾಮನ ಡ್ರೈವರ್ ಜೀಪಿನ ಮುಂದೆ ನಿಂತು ಬೂದುಗುಂಬಳವನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿದ. ನಿವಾಳಿಸಿ ಒಡೆಯಲು ಅದನ್ನು ಕೊರೆದು ಕುಂಕುಮ ತುಂಬಿಟ್ಟಿದ್ದರು. ಅತ್ತೆ ಚೆಂಡುಹೂವಿನ ಮಾಲೆಯನ್ನು ಬಾನೆಟ್ಟಿನ ಮೇಲೆ ಬಿಗಿಯಾಗಿ ಎಳೆದು ಕಟ್ಟತೊಡಗಿದಳು. ಬಟ್ಟೆ ಸರಿಯಿತು. ಇಳಿಜಾರಿನಲ್ಲಿ ರಿವಾಲ್ವರ್ ಮೆಲ್ಲಗೆ, ನಿಜವಾಗಿಯೂ ಮೆಲ್ಲಗೆ ಜಾರಿ ಕಲ್ಲಿನ ನೆಲಕ್ಕೆ ಹ್ಯಾಮರ್ ಕೆಳಗಾಗಿ ಬಿತ್ತು.

ಸದ್ದಿಗಿಂತ ಮೊದಲು ನನಗೆ ಕೆಂಪು ಕಂಡಿತು. ಡ್ರೈವರನ ಮುಖ, ಅಂಗಿ, ಅತ್ತೆಯ ಸೀರೆ, ಎಲ್ಲ ಕೆಂಪು. ಆ ಕ್ಷಣವೇ ಇವತ್ತಿಗೂ ನನ್ನೊಳಗೆ ಮತ್ತೆ ಮತ್ತೆ ನಡೆಯುತ್ತದೆ, ಒಮ್ಮೊಮ್ಮೆ ಬೇರೆ ರೀತಿಯಲ್ಲಿ ಮುಗಿಯುತ್ತದೆ. ಅವನು ಕಾಯನ್ನು ಇನ್ನೂ ಎದೆಯ ಮಟ್ಟದಲ್ಲೇ ಹಿಡಿದಿದ್ದರೆ? ಅತ್ತೆ ಬಗ್ಗಿದ್ದರೆ?

ಡ್ರೈವರ್ ಕಣ್ಣಿನಿಂದ ಕುಂಕುಮ ಒರೆಸಿಕೊಂಡ. ಗುಂಡು ಬಡಿದು ಕೈಯಲ್ಲಿ ಉಳಿದಿದ್ದ ಅರ್ಧ ಕುಂಬಳಕಾಯಿಯನ್ನು ನೋಡಿದ.

"ಸಾವ್ಕಾರ್ರ, ಇದನ್ನ ಇನ್ನೊಮ್ಮೆ ಒಡಿಬೇಕೇನ್ರಿ?"

ಅತ್ತೆ ಅಲ್ಲೇ ನೆಲದ ಮೇಲೆ ಕುಳಿತು ನಕ್ಕಳು, ಆಮೇಲೆ ಅತ್ತಳು. ಓಣಿಯಲ್ಲಿ ಯಾರದೋ ಪಟಾಕಿ ಎಂದುಕೊಂಡು ಒಬ್ಬರೂ ಬಂದು ವಿಚಾರಿಸಲಿಲ್ಲ.

ಆ ಸಂಜೆ ಮಾಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಕಂಪ್ಲಿಗೆ ಜೀಪು ತೆಗೀಲೇನು?" ಎಂದು ಸಣ್ಣ ದನಿಯಲ್ಲಿ ಕೇಳಿದ. "ತುಂಬು ಅಂದಾಕಿ ನೀನು" ಎಂದು ಒಂದು ಮಾತೂ ಆಡಲಿಲ್ಲ. ಅತ್ತೆ ತಟ್ಟುತ್ತಿದ್ದ ರೊಟ್ಟಿಯನ್ನು ಹೆಂಚಿಗೆ ಹಾಕಿದಳು.

"ನಾನು ಹೋಗೂದೋ ಬಿಡೂದೋ ಆಮ್ಯಾಲೆ. ಮೊದ್ಲು ಇದನ್ನ ಬದಲಿ ಮಾಡೋಣು ನಡೀರಿ. ಈ ಸಲ ನಾ ನೋಡ್ತೀನಿ. ನನಗ ಮನಸಿಗೆ ಬರಲಿಲ್ಲಂದ್ರ ಅಂಗಡಿಯಿಂದ ಸೀದಾ ಕಂಪ್ಲಿ."

ಬದಲಾವಣೆಯ ಅನುಮತಿಗೆ ಮಾಮ ಕಚೇರಿಗಳಿಗೆ ಅಲೆದ. ಕೊನೆಗೆ ನಾವು ಮೂವರೂ ಅಂಗಡಿಗೆ ಹೋದೆವು. ಅವತ್ತು ನೋಡಿದ್ದ ಹೊಸದು ಇನ್ನೂ ಮಾರಾಟವಾಗಿರಲಿಲ್ಲ. ಅತ್ತೆ ಅದನ್ನು ಹಿಡಿದು ನೋಡಿದಳು.

"ಇದೇನ್ರಿ, ರುಬ್ಬುಗುಂಡು ಇದ್ದಂಗೈತಿ."

"ಭಾರ ಇದ್ದಷ್ಟೂ ಕೈ ಅಲುಗೂದಿಲ್ಲ ಅಮ್ಮಾ" ಅಂದರು ಸಾಹೇಬರು.

ಅವಳು ಆ ಪಟ್ಟಿಯನ್ನು ತೋರಿಸಲು ಸಾಹೇಬರಿಗೆ ಹೇಳಿದಳು. ಖಾಲಿ ರಿವಾಲ್ವರಿನ ಟ್ರಿಗರ್ ಒತ್ತಿಸಿದಳು, ಬಿಡಿಸಿದಳು, ಪಟ್ಟಿ ಮೇಲೇರಿ ಕೆಳಗಿಳಿಯುವುದನ್ನು ಕನ್ನಡಕ ಏರಿಸಿಕೊಂಡು ನೋಡಿದಳು. ಮಾಮ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನಂತೆ ನಿಂತಿದ್ದ.

"ಇದು ಬಿದ್ರ?"

"ನೆಲ ಒಡಿತೈತಿ, ಇದು ಹಾರೂದಿಲ್ಲ."

"ಪೂಜಿಗೆ ಖಾಲಿ ಇಡಾಕ ಬರೂದಿಲ್ಲಲ್ರಿ ನಮ್ಮಲ್ಲಿ?"

ಸಾಹೇಬರು ಗಡ್ಡ ನೀವಿಕೊಂಡರು. "ತೋಟಾ ಎಲ್ಲಾ ತೆಗೀರಿ, ಒಂದೊಂದು ಖಾನ್ಯಾಗ ಒಂದೊಂದು ಮಲ್ಲಿಗಿ ಮೊಗ್ಗು ಇಡ್ರಿ. ತುಂಬಿದಂಗೂ ಆತು."

ಅತ್ತೆಗೆ ಆ ಮಾತು ಹಿಡಿಸಿತು. "ಇದ ಇರ್ಲಿ" ಅಂದಳು. ಮಾಮ ಹಳೆಯದರ ಹಿಡಿಕೆಯನ್ನು ಕೊನೆಗೊಮ್ಮೆ ಸವರಿ ಸಾಹೇಬರ ಕಡೆ ತಳ್ಳಿದ.

ಹೊರಗೆ ಬಂದು ಜೀಪು ಹತ್ತಿದಾಗ ಅವನು ಕೀಲಿ ತಿರುಗಿಸಲಿಲ್ಲ. ಸ್ಟೇರಿಂಗಿನ ಮೇಲೆ ಕೈಯಿಟ್ಟು ಮುಂದೆಯೇ ನೋಡುತ್ತ, "ಯಾವ ಕಡೆ?" ಅಂದ.

ಅತ್ತೆ ಸೆರಗು ಸರಿಮಾಡಿಕೊಂಡಳು. "ಯಾವ ಕಡೆ ಅಂದ್ರ? ಮನಿಗೆ ನಡೀರಿ. ಬಾಗಲಿಗೆ ಹಾಲಿನಾಕಿ ಬಂದು ಕುಂತಿರ್ತಾಳ."