ನಾನು ತಿರುಚಿದ ಚೀಟಿ

ಶಬಾನಾ, ನೀನು ಬರೆದದ್ದನ್ನು ಮೇಡಂ ಓದಲೇ ಇಲ್ಲ. ನೀನು ಬರೆದದ್ದು ಒಂದು, ನಾನು ಅವರಿಗೆ ಇಂಗ್ಲಿಷಿನಲ್ಲಿ ಬರೆದುಕೊಟ್ಟದ್ದು ಇನ್ನೊಂದು. ಆರು ವರ್ಷ ಬಾಯಿ ಬಿಡದೆ ಕೂತಿದ್ದೆ.

ನೆನಪಿದೆಯಲ್ಲ — ಪ್ರತಿ ಬುಧವಾರ ವಿಶ್ವವಿದ್ಯಾಲಯದ ಆ ದೊಡ್ಡ ಕೋಣೆಯಲ್ಲಿ ಮೇಡಂ ನಮ್ಮನ್ನೆಲ್ಲ ಕಣ್ಣು ಮುಚ್ಚಿಸಿ ಕೂರಿಸುತ್ತಿದ್ದರು. ಬರುವ ಉಸಿರು, ಹೋಗುವ ಉಸಿರು, ಅಷ್ಟನ್ನೇ ಗಮನಿಸಬೇಕು. ಪರೀಕ್ಷೆಯ ಒತ್ತಡ ಇಳಿಯುತ್ತದೆ, ನಮ್ಮ ಮನಸ್ಸು ನಮಗೇ ತಿಳಿಯುತ್ತದೆ ಎನ್ನುತ್ತಿದ್ದರು. ಆಮೇಲೆ ಅನಿಸಿದ್ದನ್ನು ಅವರವರ ಭಾಷೆಯಲ್ಲೇ ಚೀಟಿಯಲ್ಲಿ ಬರೆಯಬೇಕು. ಕೊಂಕಣಿ, ಮರಾಠಿ ಅವರಿಗೇ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಕನ್ನಡದವರು ನಾವಿಬ್ಬರೇ, ಸಾವರ್ಡೆಯ ನೀನು, ಸಾಂಖಳಿಯ ನಾನು. ಹಾಗಾಗಿ ನಿನ್ನ ಚೀಟಿ ಇಂಗ್ಲಿಷಿಗೆ ತಿರುಗಿಸಲು ನನ್ನ ಕೈಗೆ ಬರುತ್ತಿತ್ತು. ಒಂದು ಬುಧವಾರ ನೀನು ಬರೆದಿದ್ದೆ:

"ಕಣ್ಣ ಮುಚ್ಚಿದ್ರ ಅಬ್ಬಾನ ಲಾರಿ ಪಲ್ಟಿ ಆಗಿದ್ದ ಕಾಣತೈತಿ. ನಾನೂ ಒಳಗ ಇದ್ನಿರಿ. ಉಸಿರ ಕಟ್ಟತೈತಿ. ನನ್ನ ಕೂಡಸಬ್ಯಾಡ್ರಿ."

ನಾನು ಬರೆದುಕೊಟ್ಟದ್ದು: ಮನಸ್ಸು ಹಗುರಾಯಿತು.

ಯಾಕೆಂದರೆ ನನಗೂ ಕಣ್ಣು ಮುಚ್ಚಲಾಗುತ್ತಿರಲಿಲ್ಲ — ಎಲ್ಲರೂ ಮುಚ್ಚಿದ ಮೇಲೆ ನಾನು ಮೆಲ್ಲಗೆ ತೆರೆದುಕೊಳ್ಳುತ್ತಿದ್ದೆ. ಶಾಂತವಾಗಿದ್ದೇನೆ ಎಂದು ವಾರ ವಾರ ಬರೆದು ಮೇಡಂ ಹತ್ತಿರ ಜಾಣೆ ಎನಿಸಿಕೊಂಡಿದ್ದೆ. ನಿನ್ನ ಭಯ ಗೊತ್ತಾದರೆ ನನ್ನನ್ನೂ ಕೂರಿಸಿಕೊಂಡು ನಿನಗೂ ಹೀಗಾಗುತ್ತದೆಯೇ ಎಂದು ಕೇಳುತ್ತಾರೆ, ನನ್ನ ಬಣ್ಣ ಬಯಲಾಗುತ್ತದೆ...

ಮುಂದಿನ ಬುಧವಾರ ಮೇಡಂ ಖುಷಿಯಿಂದ ನಿನ್ನ ಹೆಗಲು ತಟ್ಟಿ, ಮುಂದಿನ ಸಾಲಿಗೆ ಕರೆದು, ಇವತ್ತು ಸ್ವಲ್ಪ ಹೆಚ್ಚು ಹೊತ್ತು ಕೂರೋಣ ಎಂದರು. ನೀನು ನನ್ನ ಕಡೆ ನೋಡಿದೆ. ನಾನು ತಲೆ ತಗ್ಗಿಸಿದೆ. ಅರ್ಧಕ್ಕೇ ಎದ್ದು ಓಡಿ ಮೆಟ್ಟಿಲ ಮೇಲೆ ಕುಸಿದೆ ನೀನು. ಕೈಕಾಲು ತಣ್ಣಗಾಗಿದ್ದವು. ಸತ್ತೇ ಹೋಗುತ್ತಾಳೆ, ನಾನೇ ಕೊಂದೆ ಎಂದುಕೊಂಡೆ. ಉಸಿರು ತಹಬಂದಿಗೆ ಬಂದಾಗ ನೀನು ನನ್ನ ಕೈ ಹಿಡಿದು ಕೇಳಿದೆ.

"ಬರದ ಕೊಟ್ಟಿದ್ನಲ್ಲ, ಓದಿನೂ ಮೇಡಂ ಕೂಡಿಸಿದ್ರಲ್ಲ. ಇನ್ನ ಯಾರ ಮುಂದ ಹೇಳ್ಲಿ?"

"ನಂಗೇನ್ ಗೊತ್ತವಾ" ಎಂದೆ.

ನೀನು ಮತ್ತೆ ತರಗತಿಗೆ ಬರಲಿಲ್ಲ. ನೀನು ಈಗ ಯಾರ ಮುಂದೆಯೂ ಮನಸ್ಸಿನದನ್ನು ಹೇಳುವುದಿಲ್ಲವೆಂದು ಆಮೇಲೆ ನನ್ನ ಕಿವಿಗೆ ಬಿತ್ತು.

ಆ ಚೀಟಿ ನನ್ನ ಬಳಿಯೇ ಇದೆ. ಇವತ್ತು ಬೆಳಿಗ್ಗೆ ಅದನ್ನು ಇದ್ದದ್ದು ಇದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದು, ನಾನು ಮಾಡಿದ್ದನ್ನೂ ಸೇರಿಸಿ, ಮೇಡಂಗೆ ಕಳಿಸಿದೆ. ಈಗ ಸಾವರ್ಡೆಯ ಬಸ್ಸಿನಲ್ಲಿದ್ದೇನೆ. ನೀನು ಬಾಗಿಲು ತೆರೆಯದಿದ್ದರೆ ಈ ಪತ್ರವನ್ನು ಹೊಸ್ತಿಲಲ್ಲಿಟ್ಟು ಬರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ.

ನನಗೆ ಹೆದರಿಕೆಯಾಗುತ್ತಿದೆ, ಶಬಾನಾ. ಇದನ್ನು ನಾನು ಬರೆಯುತ್ತಿರುವುದು ಇದೇ ಮೊದಲು.