ರೇಡಿಯೊದಲ್ಲಿ ಅಮ್ಮ

ಇವತ್ತು ನಮ್ಮ ಬೀದಿಗೆ ನೀರಿನ ಲಾರಿ ಬಂತು. ಒದ್ದೆ ಪ್ಲಾಸ್ಟಿಕ್ ಕೊಡಗಳ ವಾಸನೆಗೆ ತಮಿಳು ಸೀಮೆಯಲ್ಲಿ ನಾವು ಹಿಂದೆ ಇದ್ದ ರಾಯಪುರಂ ಮನೆ ನೆನಪಾಯಿತು.

ಆಗ ಸಮುದಾಯ ರೇಡಿಯೊದ ಹುಡುಗಿಯೊಬ್ಬಳು ನೀರಿನ ತಾಪತ್ರಯದ ಬಗ್ಗೆ ಬೀದಿಯ ಹೆಂಗಸರನ್ನು ಮಾತಾಡಿಸಿ ರೆಕಾರ್ಡ್ ಮಾಡಿಕೊಂಡಿದ್ದಳು. ಭಾನುವಾರ ಅದು ಪ್ರಸಾರವಾಯಿತು. ಮನೆಯಲ್ಲಿ ಹೆಚ್ಚು ಮಾತಾಡದ ಅಮ್ಮ ರೇಡಿಯೊದಲ್ಲಿ ಲಾರಿಯವನನ್ನು ತಮಿಳಿನಲ್ಲಿ ಅಣಕಿಸಿ ಗಟ್ಟಿಯಾಗಿ ನಗತೊಡಗಿದಳು. ನಗು ಮುಗಿಯುವ ಮೊದಲೇ ಅಪ್ಪ ರೇಡಿಯೊ ಆಫ್ ಮಾಡಿದರು.

“ಮನೆ ಮಾನಾನ ತಣ್ಣಿ ಲಾರಿ ಹಿಂದೆ ಓಡಿಸ್ಬಿಟ್ಟೆಯಲ್ಲೇ!”

“ಓಡೋಳು ನಾನ್ರೀ. ಮಾನ ಮನೇಲೇ ಕೂತು ಕಾಫಿ ಕುಡೀತಿತ್ತು.”

ಹುಡುಗಿ ಮತ್ತೆ ರೆಕಾರ್ಡ್ ಮಾಡಲು ಬಂದಾಗ ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. “ವೇಂಡಾಮ್ಮಾ” ಎಂದು ತಮಿಳಿನಲ್ಲೇ ಬೇಡವೆಂದು ಹೇಳಿ ಅಮ್ಮ ಒಳಗೆ ಹೋದಳು.

ಅವಳು ತೀರಿಕೊಂಡು ಬಹಳ ವರ್ಷಗಳಾದವು. ಆ ನಗುವನ್ನು ನಾನು ಕೇಳಿದ್ದು ಒಂದೇ ಸಲ, ಅದೂ ಅರ್ಧ.