ಕರಡಿಗೆ ಉಪ್ಪು ಹಾಕಿದ ದಿನ

ರಿಯಾದಿನ ಉತ್ತರಕ್ಕಿರುವ ಹಾಯಿಲ್‌ನಲ್ಲಿ ಹದಿನಾಲ್ಕು ವರ್ಷ ನಾನು ಮಾಡಿದ್ದು ಸತ್ತ ಪ್ರಾಣಿಗಳನ್ನು ಬದುಕಿರುವಂತೆ ನಿಲ್ಲಿಸುವ ಕೆಲಸ. ಊರಲ್ಲಿ ಯಾರಾದರೂ ಕೇಳಿದರೆ ‘ವರ್ಕ್‌ಶಾಪಿನಲ್ಲಿ’ ಎಂದು ಹೇಳಿ ಮುಗಿಸುತ್ತಿದ್ದೆ. ಅವರು ಕಾರು ರಿಪೇರಿಯ ವರ್ಕ್‌ಶಾಪ್ ಎಂದುಕೊಳ್ಳುತ್ತಿದ್ದರು, ನಾನು ತಿದ್ದುತ್ತಿರಲಿಲ್ಲ.

ಮಂಗಳೂರಿನ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿದ್ದಾಗ ಹಕ್ಕಿಗಳ ಚರ್ಮ ಬಿಡಿಸಿ, ಒಳಗೆ ಹತ್ತಿ ತುಂಬಿ ಗಾಜಿನ ಕಪಾಟಿನಲ್ಲಿಡುವುದನ್ನು ಕಲಿತಿದ್ದೆ. ಆ ಕೈಗುಣವೇ ನನ್ನನ್ನು ಹಾಯಿಲ್‌ಗೆ ಕರೆದುಕೊಂಡು ಹೋಯಿತು. ಅಂಗಡಿ ಸಣ್ಣದು. ಬರುತ್ತಿದ್ದುದು ಹೆಚ್ಚಾಗಿ ಮುದಿಯಾಗಿ ಸತ್ತ ಬೇಟೆಗಿಡುಗಗಳು. ಸಾಕಿದವರು ಅವನ್ನು ಮಗುವಿನಂತೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ಮೇಜಿನ ಮೇಲೆ ಇಡುತ್ತಿದ್ದರು.

ಅಂಥವರಲ್ಲಿ ಒಬ್ಬರು ಊರ ಹೊರಗೆ ದೊಡ್ಡ ತೋಟ ಇಟ್ಟುಕೊಂಡಿದ್ದ ಹಿರಿಯರು. ನಾವೆಲ್ಲ ಅವರನ್ನು ಶೇಖ್ ಎಂದೇ ಕರೆಯುತ್ತಿದ್ದೆವು. ಆ ತೋಟದಲ್ಲಿ ಖರ್ಜೂರದ ಮರಗಳ ಹಿಂದೆ ಬಲೆ ಹೊದೆಸಿದ ಒಂದು ದೊಡ್ಡ ಗೂಡಿತ್ತು. ಅದರಲ್ಲಿ ಒಂದು ಕರಡಿ. ಇಂಥ ಪ್ರಾಣಿ ಸಾಕುವುದಕ್ಕೆ ಈಗ ಕಾನೂನು ಬಿಗಿಯಾಗಿದೆ. ಆಗ ಶೋಕಿಗೆ ಸಾಕುವವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ಯಾವುದೋ ತಣ್ಣನೆಯ ದೇಶದ ಕಂದು ಕರಡಿ. ಬೆಕ್ಕಿನಷ್ಟು ಚಿಕ್ಕದಿದ್ದಾಗ ಯಾರೋ ಉಡುಗೊರೆ ಕೊಟ್ಟಿದ್ದರಂತೆ.

ಅದನ್ನು ಬಾಟಲಿಯಲ್ಲಿ ಹಾಲು ಕುಡಿಸಿ ದೊಡ್ಡದು ಮಾಡಿದವರು ಕುಂದಾಪುರದ ಕಡೆಯ ಒಬ್ಬರು. ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅಣ್ಣ ಎನ್ನುತ್ತಿದ್ದೆ. ನನ್ನ ಮನೆಮಾತು ತುಳು ಅವರಿಗೆ ಬಾರದು, ಹಾಗಾಗಿ ನಮ್ಮ ಮಾತೆಲ್ಲ ಕನ್ನಡದಲ್ಲೇ. ಇಡೀ ವಾರ ಅರಬ್ಬಿ, ಉರ್ದು ಮಾತಾಡಿ ದಣಿದ ನನಗೆ ಶುಕ್ರವಾರ ಅವರ ತೋಟದ ಕೋಣೆಯಲ್ಲಿ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ತಿಂದು ಅವರ ಕನ್ನಡ ಕೇಳುವುದೇ ಒಂದು ಸುಖ. ಕರಡಿಯನ್ನು ಅವರು ‘ಮಾಣಿ’ ಎಂದು ಕರೆಯುತ್ತಿದ್ದರು. ಅವರ ಕಡೆ ಮನೆಯ ಹುಡುಗನಿಗೆ ಹಾಗೆನ್ನುತ್ತಾರೆ. “ಮಾಣೀ, ಬಾ ಇಲ್ಲಿ” ಎಂದರೆ ಆ ಗುಡ್ಡದಂಥ ಪ್ರಾಣಿ ಸರಳಿನ ಹತ್ತಿರ ಬಂದು ಮೂತಿ ಒಡ್ಡುತ್ತಿತ್ತು.

ಬೇಸಿಗೆಯಲ್ಲಿ ಅಣ್ಣ ದಿನಾಲೂ ಮಧ್ಯಾಹ್ನ ನೀರಿನ ಬಾಟಲಿಗಳನ್ನು ಫ್ರೀಜರಿನಲ್ಲಿ ಕಲ್ಲಾಗಿಸಿ ಅದಕ್ಕೆ ಕೊಡುತ್ತಿದ್ದರು. ಅದು ಅವನ್ನು ಅವುಚಿಕೊಂಡು, ಹೊಟ್ಟೆಯ ಕೆಳಗೆ ಇಟ್ಟುಕೊಂಡು ಮಲಗುತ್ತಿತ್ತು. ಗೂಡಿನ ಹಿಂದೆ ಅದು ಮಲಗುವ ಕೋಣೆಯ ಗೋಡೆಯಲ್ಲಿ ಒಂದು ದೊಡ್ಡ ಕೂಲರ್ ಕೂರಿಸಿದ್ದರು. ಆ ವರ್ಷ ಬೇಸಿಗೆ ಶುರುವಾಗುತ್ತಿದ್ದಂತೆ ಅದು ಕೆಟ್ಟಿತು. ಅಣ್ಣ ಶೇಖ್ ಅವರ ದೊಡ್ಡ ಮಗನಿಗೆ ಹೇಳಿದರು. ತೋಟದ ಉಸ್ತುವಾರಿ ಅವನದು. ಅವನು “ಬುಕ್ರಾ, ಬುಕ್ರಾ” ಎನ್ನುತ್ತಲೇ ಹೋದ. ನಾಳೆ, ನಾಳೆ. ಅಣ್ಣನ ಅರಬ್ಬಿ ಅಷ್ಟಕ್ಕಷ್ಟೆ. ಒಂದು ಶುಕ್ರವಾರ ಅವರು ನನ್ನ ಕೈ ಹಿಡಿದುಕೊಂಡರು.

“ನಿಂಗೆ ಅರಬ್ಬಿ ಚಂದ ಬತ್ತ್ ಮಾರಾಯ. ಶೇಖನ ಮಜ್ಲಿಸಿಗೆ ಹೋಪವ ನೀನು. ಒಂದ್ ಮಾತ್ ಅವ್ರ ಕಿವಿಗೆ ಹಾಕ್. ಮಗ ಕೇಂತಿಲ್ಲೆ. ಮಾಣಿ ಬಾಯಿ ಬಿಟ್ಕಂಡ್ ಮನಿಕಂತ್, ಕಾಂಬುಕೆ ಆತಿಲ್ಲೆ.”

“ಹೇಳ್ತೇನೆ ಅಣ್ಣ. ಬರುವ ವಾರ ಗಿಡುಗ ಕೊಡ್ಲಿಕ್ಕೆ ಹೋಗ್ಲಿಕ್ಕುಂಟು. ಆಗ ಹೇಳ್ತೇನೆ” ಎಂದೆ.

ಹೇಳುವ ಮನಸ್ಸಿಟ್ಟುಕೊಂಡೇ ಹೋದೆ. ಮಜ್ಲಿಸಿನಲ್ಲಿ, ಬಂದವರನ್ನು ಕೂರಿಸುವ ಆ ದೊಡ್ಡ ಕೋಣೆಯಲ್ಲಿ, ಅತಿಥಿಗಳಿದ್ದರು. ನಾನು ಮಾಡಿಕೊಟ್ಟ ಗಿಡುಗವನ್ನು ಶೇಖ್ ಎಲ್ಲರಿಗೂ ತೋರಿಸಿ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ದೊಡ್ಡ ಮಗ ಎದುರಿಗೇ ಕೂತಿದ್ದ. ಖರ್ಜೂರ ಬಂತು, ಅರಬ್ಬಿ ಕಾಫಿ ಕಹ್ವಾ ಬಂತು. ಶೇಖ್ ನನ್ನ ಕಡೆ ಬಾಗಿ, “ನಿನಗೇನಾದರೂ ಬೇಕಾ? ಹೇಳು” ಎಂದು ಕೇಳಿದರು.

ನನಗೆ ಬೇಕಾದದ್ದು ಒಂದಿತ್ತು. ಹೆಂಡತಿ, ಮಗಳಿಗೆ ವಿಸಿಟ್ ವೀಸಾ ಮಾಡಿಸಲು ವರ್ಷದಿಂದ ಅಲೆಯುತ್ತಿದ್ದೆ. ಕಾಗದ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಅದನ್ನು ಹೇಳಿದೆ. ಅವರು ಕೂಡಲೇ ಫೋನ್ ತೆಗೆದು ಯಾರ ಹತ್ತಿರವೋ ಮಾತಾಡಿದರು. ಅದಾದ ಮೇಲೆ ಕೂಲರಿನ ಮಾತು ನಾಲಿಗೆಯ ತುದಿಗೆ ಬಂದದ್ದು ನಿಜ. ಒಂದೇ ದಿನ ಎರಡು ಬೇಡಿಕೆ ಇಡುವುದು ಹೇಗೆ ಎನ್ನಿಸಿತು. ಎದುರಿಗೆ ಕೂತ ಮಗನ ಮೇಲೆ ತಂದೆಯ ಮುಂದೆ ದೂರು ಹೇಳಿದರೆ, ಈಗ ತಾನೇ ಆದ ಕೆಲಸ ಕೆಟ್ಟರೆ? ಕಹ್ವಾದ ಪುಟ್ಟ ಬಟ್ಟಲು ಫಿಂಜಾನ್ ಅಲ್ಲಾಡಿಸಿ, ಸಾಕೆಂದು ಸೂಚಿಸಿ ಎದ್ದು ಬಂದೆ.

ಮುಂದಿನ ಶುಕ್ರವಾರ ಅಣ್ಣ ಬಾಗಿಲಲ್ಲೇ ಕೇಳಿದರು: “ಹೇಳ್ದ್ಯಾ?”

“ಹೇಳಿದೆ.”

“ಎಂತ ಅಂದ್ರ್?”

“ನೋಡುವ ಅಂದ್ರು.”

ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಣ್ಣ ಗಂಜಿ ಬಡಿಸಿದರು. ಅಂದಿನಿಂದ ಫ್ರೀಜರಿನಲ್ಲಿ ತಮ್ಮ ಮೀನು, ತರಕಾರಿಗೂ ಜಾಗ ಬಿಡದೆ ಬಾಟಲಿಗಳನ್ನೇ ತುಂಬಿಸತೊಡಗಿದರು.

ಜುಲೈ ತಿಂಗಳ ಒಂದು ಮಧ್ಯಾಹ್ನ, ಲುಹರ್ ನಮಾಜಿಗೆ ಅಂಗಡಿ ಮುಚ್ಚಿದ್ದ ಹೊತ್ತಿಗೆ, ಶೇಖ್ ಅವರ ಮಗನ ಫೋನ್ ಬಂತು. ಕರಡಿ ತಪ್ಪಿಸಿಕೊಂಡಿತ್ತು, ಗುಂಡು ಹೊಡೆದಿದ್ದೇವೆ, ತಂದೆ ರಿಯಾದಿನ ಆಸ್ಪತ್ರೆಯಲ್ಲಿದ್ದಾರೆ, ಅದನ್ನು ಎಸೆಯಬೇಡಿ ಎಂದಿದ್ದಾರೆ, ಯಲ್ಲಾ, ಬೇಗ ಬಾ.

ಚಾಕುಗಳು, ಸಾಣೆಕಲ್ಲು, ನಾಲ್ಕು ಚೀಲ ಪುಡಿ ಉಪ್ಪು ಹಾಕಿಕೊಂಡು ಹೊರಟೆ. ಅಂಥ ಬಿಸಿಲಿನಲ್ಲಿ ಈ ಕೆಲಸಕ್ಕೆ ಸಿಗುವುದು ಒಂದೆರಡು ಗಂಟೆ ಮಾತ್ರ. ಕರಡಿಯ ದಪ್ಪ ಕೂದಲು, ಅದರಡಿಯ ಕೊಬ್ಬು ಒಳಗಿನ ಕಾವನ್ನು ಹೊರಗೆ ಬಿಡುವುದಿಲ್ಲ. ಮೊದಲು ಹೊಟ್ಟೆಯ ಚರ್ಮ ಕೆಡುತ್ತದೆ. ಆಮೇಲೆ ಎಷ್ಟು ಹದ ಮಾಡಿದರೂ ಕೂದಲು ಕೈಗೆ ಕಿತ್ತು ಬರುತ್ತದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದುದು ಈ ಲೆಕ್ಕವೇ. ಮಾಣಿ ಸತ್ತಿತು ಎಂಬುದು ಇನ್ನೂ ಒಳಗೆ ಇಳಿದಿರಲಿಲ್ಲ.

ತೋಟದಿಂದ ಎರಡು ಕಿಲೋಮೀಟರ್ ಆಚೆ, ಒಂದು ಮುಳ್ಳುಜಾಲಿಯ ಕೆಳಗೆ ಅದು ಬಿದ್ದಿತ್ತು. ಎರಡು ಪಿಕಪ್‌ಗಳು, ಮಗ, ಅವನ ಇಬ್ಬರು ಬಂಧುಗಳು. ನಡೆದದ್ದನ್ನು ಅವರೇ ಹೇಳಿದರು. ಕೆಟ್ಟ ಕೂಲರನ್ನು ಗೋಡೆಯಿಂದ ತಳ್ಳಿ ಬೀಳಿಸಿ, ಆ ಕಿಂಡಿಯಲ್ಲಿ ನುಸುಳಿ ಅದು ಹೊರಗೆ ಬಂದಿತ್ತು. ಪಕ್ಕದ ತೋಟದ ನೀರಿನ ತೊಟ್ಟಿಯ ಕಡೆ ನಡೆದಿತ್ತು. ಅಲ್ಲಿ ಹೆಂಗಸರು ಮಕ್ಕಳಿದ್ದರು, ಹೆದರಿ ಫೋನ್ ಮಾಡಿದರು. ಇವರು ಗಾಡಿಯಲ್ಲಿ ಅಟ್ಟಿದರು. ಮರಳಿನಲ್ಲಿ ಅಷ್ಟು ದೂರ ಓಡಿ, ಮರದ ನೆರಳಿಗೆ ಬಂದು ಕೂತಿತಂತೆ. ಕೂತಲ್ಲೇ ಗುಂಡು ಹೊಡೆದರು.

ಅಣ್ಣ ಅದರ ತಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದರು. ನನ್ನನ್ನು ನೋಡಿ ಅವರು ಹೇಳಿದ್ದು ಒಂದೇ.

“ನಾ ಕರಿತೆ, ಬತ್ತ್ ಅಂತ ಕೂಗ್ದೆ ಮಾರಾಯ. ಗಾಡಿ ನಿಲ್ಸ್ಲಿಲ್ಲೆ.”

ನಾನು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದೆ. ಒಲೆಯ ಮೇಲಿನ ಪಾತ್ರೆಯಂತೆ ಸುಡುತ್ತಿತ್ತು. ಕೂಡಲೇ ಬಿಡಿಸಲು ತೊಡಗಬೇಕಿತ್ತು, ಆದರೆ ಮಗನಿಗೂ ಬಂಧುಗಳಿಗೂ ಫೋಟೊ ತೆಗೆಯುವುದು ಮುಗಿದಿರಲಿಲ್ಲ. ಅಷ್ಟರವರೆಗಾದರೂ ತಂಪು ಮಾಡಬೇಕಿತ್ತು.

“ಅಣ್ಣ, ಐಸ್ ಬೇಕಿತ್ತು. ನೀರು ತಾಗಬಾರದು, ಮುಚ್ಚಿದ್ದು ಆಗಬೇಕು” ಎಂದವನು, ಆಮೇಲೆ ಯೋಚಿಸದೆಯೇ, “ನಿಮ್ಮ ಬಾಟ್ಲಿಗಳು ಉಂಟಲ್ಲ?” ಎಂದುಬಿಟ್ಟೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಎದ್ದು ಒಂದು ಪಿಕಪ್ ಹತ್ತಿ ಹೋಗಿ, ಕಲ್ಲಾದ ಬಾಟಲಿಗಳನ್ನೆಲ್ಲ ಗೋಣಿಯಲ್ಲಿ ತುಂಬಿಸಿಕೊಂಡು ಬಂದರು. ಅಂದಿನ ಮಧ್ಯಾಹ್ನಕ್ಕೆಂದು ಇಟ್ಟಿದ್ದವು. ಒಂದೊಂದನ್ನೇ ಬಟ್ಟೆಯಲ್ಲಿ ಒರೆಸಿ ತೊಡೆಸಂದಿಗೆ, ಕಂಕುಳಿಗೆ, ಹೊಟ್ಟೆಯ ಬದಿಗೆ ಇಟ್ಟರು. ಅದಕ್ಕೆ ಎಲ್ಲೆಲ್ಲಿ ಇಷ್ಟವೆಂದು ಅವರಿಗೆ ಗೊತ್ತಿತ್ತು.

ಬಿಡಿಸಲು ಮೂರು ಗಂಟೆ ಹಿಡಿಯಿತು. ಮರದ ಕೊಂಬೆಗೆ ಟಾರ್ಪಾಲು ಕಟ್ಟಿ ನೆರಳು ಮಾಡಿದೆ. ಬಾಲದಿಂದ ಎದೆಯವರೆಗೆ ಒಂದು ಗೀರು, ಕಾಲುಗಳ ಒಳಬದಿಗೆ ಒಂದೊಂದು. ಅಣ್ಣನೇ ಕಾಲು ಹಿಡಿದರು. ಬೇಡವೆಂದರೂ ಕೇಳಲಿಲ್ಲ. ಬೆರಳಿನ ಕೊನೆಯ ಗಂಟಿನವರೆಗೆ ಚರ್ಮ ಸುಲಿಯಬೇಕು, ಉಗುರು ಚರ್ಮದಲ್ಲೇ ಉಳಿಯಬೇಕು. ಕಿವಿಯನ್ನು ಚೀಲದಂತೆ ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಬೇಕು. ತುಟಿ ಸೀಳಬೇಕು. ಕೊಬ್ಬು ಒಂದಿಷ್ಟೂ ಉಳಿಯಬಾರದು, ಉಳಿದರೆ ಅಲ್ಲಿಗೆ ಉಪ್ಪು ಇಳಿಯುವುದಿಲ್ಲ. ನನ್ನ ಕೈ ಅಂದು ನಡೆದಷ್ಟು ಚೆನ್ನಾಗಿ ಹಿಂದೆಯೂ ನಡೆದಿರಲಿಲ್ಲ, ಮುಂದೆಯೂ ನಡೆಯಲಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮುಂಗಾಲಿನ ಪಾದ ಬಿಡಿಸುತ್ತಿದ್ದಾಗ ಅಣ್ಣ ಮೆಲ್ಲಗೆ ಕೇಳಿದರು: “ಆವತ್ತ್ ನೀ ಶೇಖನಿಗೆ ಸಮಾ ಹೇಳಿದ್ದೆ ಅಲ್ದಾ? ಕೂಲರ್ ಹಾಳಾಯ್ತ್ ಅಂತ?”

ಚಾಕುವಿನಿಂದ ಕಣ್ಣೆತ್ತದೆ ಹೌದೆಂದು ತಲೆಯಾಡಿಸಿದೆ.

“ಅಷ್ಟ್ ಇದ್ದವ್ರಿಗೆ ಒಂದ್ ಕೂಲರ್ ದೊಡ್ಡದಾಯ್ತಾ” ಎಂದರು.

ಅಂಗಡಿಗೆ ತಂದು ಚರ್ಮದ ಒಳಮೈಗೆಲ್ಲ ಉಪ್ಪು ತಿಕ್ಕಿದೆ. ಅಂಚು, ಕಿವಿ, ತುಟಿಯ ಮಡಿಕೆ ಒಂದನ್ನೂ ಬಿಡಲಿಲ್ಲ. ಮಡಚಿ ಸುತ್ತಿ, ನೀರು ಬಸಿದು ಹೋಗಲೆಂದು ಓರೆಯಿಟ್ಟ ಹಲಗೆಯ ಮೇಲೆ ಇಟ್ಟೆ. ಮರುದಿನ ಒದ್ದೆ ಉಪ್ಪು ಕೊಡವಿ ಹೊಸದು ಹಾಕಿದೆ. ಹೊಟ್ಟೆಯ ಕೂದಲನ್ನು ಬೆರಳಲ್ಲಿ ಜಗ್ಗಿ ನೋಡಿದೆ. ಒಂದೂ ಕಿತ್ತು ಬರಲಿಲ್ಲ.

ಅದೇ ವಾರ ಅಣ್ಣ ಕೆಲಸ ಬಿಟ್ಟು ಊರಿಗೆ ಹೋಗಲು ಎಕ್ಸಿಟ್ ಕೇಳಿದರು. ಮಗ ತಕರಾರು ಮಾಡಲಿಲ್ಲ. ಹೊರಡುವ ಮುಂಚೆ ಅಂಗಡಿಗೆ ಬಂದರು, ಒಳಗೆ ಬರಲಿಲ್ಲ. ಶೇಖ್ ಆಸ್ಪತ್ರೆಯಿಂದ ಬರುವವರೆಗೆ ಕಾಯಿರಿ, ಒಂದು ಸಲಾಂ ಹೇಳಿ ಹೋಗಿ ಎಂದೆ. “ಹೇಳಿರೂ ಕೇಣದ್ದವ್ರಿಗೆ ಎಂತ ಸಲಾಂ?” ಎಂದರು. ಹದಿನೆಂಟು ವರ್ಷ ಅವರ ತೋಟದಲ್ಲಿ ದುಡಿದ ಮನುಷ್ಯ. ಆಗಲೂ ನಾನು ಬಾಯಿ ಬಿಡಲಿಲ್ಲ. ಮೂರು ವಾರಕ್ಕೆ ಆ ವೀಸಾದಲ್ಲಿ ನನ್ನ ಹೆಂಡತಿ, ಮಗಳು ಬಂದರು.

ಕರಡಿ ಹಿಂಗಾಲ ಮೇಲೆ ನಿಂತಿರಬೇಕು, ಬಾಯಿ ತೆರೆದಿರಬೇಕು ಎಂದು ಮಗ ಹೇಳಿದ್ದ. ಹಾಗೆಯೇ ಮಾಡಿದೆ. ಚಳಿಗಾಲ ಬಂದಾಗ ಕೆಲಸ ಮುಗಿಯಿತು. ತೆಗೆದುಕೊಂಡು ಹೋಗಿ ಮಜ್ಲಿಸಿನ ಮೂಲೆಯಲ್ಲಿ ನಿಲ್ಲಿಸಿದೆ. ಶೇಖ್ ಊರುಗೋಲು ಹಿಡಿದು ಬಂದು ಬಹಳ ಹೊತ್ತು ನೋಡಿದರು. ಅಂದು ಮಜ್ಲಿಸಿನಲ್ಲಿ ಬೇರೆ ಯಾರೂ ಇರಲಿಲ್ಲ.

“ಇದು ಒಂದು ದಿನವೂ ಹೀಗೆ ಹಲ್ಲು ತೋರಿಸಿದ್ದಿಲ್ಲ” ಎಂದರು. ಆಮೇಲೆ, “ಅಷ್ಟು ವರ್ಷ ಇದ್ದದ್ದು ಯಾಕೆ ಓಡಿಹೋಯಿತು? ಮಗ ಹೇಳುವುದು ಒಂದಕ್ಕೊಂದು ಕೂಡುವುದಿಲ್ಲ” ಎಂದರು.

ಹೇಳಿದೆ. ಕೂಲರ್ ಕೆಟ್ಟದ್ದು, ಅಣ್ಣ ಮತ್ತೆ ಮತ್ತೆ ಹೇಳಿದ್ದು, ಮಗ ನಾಳೆ ಎಂದದ್ದು, ತಮಗೆ ತಿಳಿಸುವಂತೆ ಅಣ್ಣ ನನ್ನನ್ನು ಕೇಳಿಕೊಂಡದ್ದು.

“ಯಾವಾಗ?”

“ಗಿಡುಗ ತಂದುಕೊಟ್ಟೆನಲ್ಲ, ಅದಕ್ಕೆ ಮುಂಚೆ.”

ಅವರು ನಿಧಾನವಾಗಿ ಕೂತರು. “ಅವತ್ತು ನೀನು ಇಲ್ಲೇ ಕೂತಿದ್ದೆ. ಏನು ಬೇಕು ಎಂದು ನಾನೇ ಕೇಳಿದೆ.”

“ನಾನು ವೀಸಾ ಕೇಳಿದೆ” ಎಂದೆ.

“ಸಂಜೆಯೊಳಗೆ ಹೊಸದು ಹಾಕಿಸುತ್ತಿದ್ದೆನಲ್ಲ ಮಗನೇ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಮತ್ತೆ ಅವರು ಕೇಳಿದ್ದು ಅಣ್ಣನ ವಿಷಯ. ಹೇಳದೆ ಕೇಳದೆ ಯಾಕೆ ಹೋದ, ನನ್ನಿಂದ ಏನು ತಪ್ಪಾಯಿತು ಎಂದು ತಿಂಗಳುಗಟ್ಟಲೆ ಯೋಚಿಸಿದೆ ಎಂದರು. ಅದನ್ನೂ ಹೇಳಬೇಕಾಯಿತು. ತಾವು ಕೇಳಿಯೂ ಸುಮ್ಮನಿದ್ದಿರಿ ಎಂದು ಅಣ್ಣ ತಿಳಿದಿದ್ದಾರೆ, ಹಾಗೆ ತಿಳಿಯುವಂತೆ ಮಾಡಿದವನು ನಾನು.

ಶೇಖ್ ಕಣ್ಣು ಮುಚ್ಚಿಕೊಂಡರು. “ಅವನಿಗೆ ಫೋನ್ ಮಾಡು” ಎಂದರು. “ನನಗಾಗಿ ಅಲ್ಲ, ಅವನಿಗಾಗಿ.”

ಕೋಣೆಗೆ ಹೋಗುವವರೆಗೂ ತಡೆಯದೆ, ತೋಟದ ಗೇಟಿನ ಹೊರಗೆ ಗಾಡಿ ನಿಲ್ಲಿಸಿ ಫೋನ್ ಮಾಡಿದೆ. ಅಣ್ಣ ಖುಷಿಯಿಂದಲೇ ಎತ್ತಿದರು. ನನ್ನ ಮಗಳನ್ನು ವಿಚಾರಿಸಿದರು. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆ ಕಡೆ ಯಾರೋ ಬಾವಿಯಿಂದ ನೀರು ಸೇದುವ ಸದ್ದು ಕೇಳುತ್ತಿತ್ತು.

“ಹಂಗಾರೆ ಶೇಖನಿಗೆ ಗೊತ್ತೇ ಇರ್ಲಿಲ್ಯಾ?” ಎಂದರು.

“ಇಲ್ಲ ಅಣ್ಣ.”

“ನಾ ಮಾಣಿ ಕಾಲ್ ಹಿಡ್ಕಂಡಾಗ್ಳೂ ಕೇಂಡಿದ್ದೆ ನಿನ್ನತ್ರ.”

“ಹೌದು.”

“ಇಡ್ತೆ” ಎಂದು ಫೋನ್ ಇಟ್ಟರು.

ಮಾರನೆಯ ದಿನವೇ ಅವರು ಶೇಖ್‌ಗೆ ಫೋನ್ ಮಾಡಿದ್ದರಂತೆ. ಶೇಖ್ ಅವರೇ ನನಗೆ ಹೇಳಿದರು. ತಮ್ಮ ಹರಕು ಅರಬ್ಬಿಯಲ್ಲಿ, ಸಲಾಂ ಹೇಳದೆ ಹೋದದ್ದಕ್ಕೆ ಕ್ಷಮೆ ಕೇಳಿದರಂತೆ. ಇಬ್ಬರೂ ಅತ್ತರಂತೆ. ಮತ್ತೆ ಬಾ, ವೀಸಾ ಕಳಿಸುತ್ತೇನೆ ಎಂದದ್ದಕ್ಕೆ, ಅಲ್ಲಿ ಇನ್ನು ನನಗೇನು ಕೆಲಸ ಎಂದರಂತೆ. ಆಮೇಲೆ ಪ್ರತಿ ಈದ್‌ಗೂ ಅವರಿಬ್ಬರ ಫೋನು ತಪ್ಪಲಿಲ್ಲ.

ನನ್ನ ಫೋನನ್ನು ಅಣ್ಣ ಮತ್ತೆ ಎತ್ತಲಿಲ್ಲ. ರಜೆಯಲ್ಲಿ ಊರಿಗೆ ಬಂದಾಗ ಒಮ್ಮೆ ಕುಂದಾಪುರದವರೆಗೆ ಹೋಗಿ, ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಹಿಂದಿರುಗಿದ್ದೇನೆ. ಅವರ ಮನೆ ಅಲ್ಲಿಂದ ಅರ್ಧ ಗಂಟೆಯ ದಾರಿ. ಕ್ಷಮಿಸಿ ಎಂದರೆ ಅವರು ಕ್ಷಮಿಸುತ್ತಿದ್ದರೋ ಏನೋ, ಅಂಥ ಮನುಷ್ಯ ಅವರು. ಆದರೆ ಅಷ್ಟು ದೂರ ಹೋಗಿ ಅದನ್ನೂ ಅವರಿಂದ ಕೇಳಿ ಪಡೆಯುವುದು ನನಗೆ ಸರಿಕಾಣಲಿಲ್ಲ.